ಸ್ಪ್ರಿಂಗಿನ ಎದುರು ನಿಂತವರು

ಹಳೇ ಕಾರುಗಳ ಸಹವಾಸ ಮಾಡಿದವರು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತದೆ.

ಗೆಜ್ಜಲಗೆರೆ ಹತ್ತಿರ, ಹೆದ್ದಾರಿಯಿಂದ ಒಳಕ್ಕೆ ತಿರುಗುವ ಕಡೆ ನನ್ನ ಶೆಡ್ಡು. ನಾನು ಮೆಕ್ಯಾನಿಕ್ಕು. ಹೆಂಗಸು. ಈ ಎರಡು ಮಾತು ಒಟ್ಟಿಗೆ ಕೇಳಿದರೆ ನಮ್ಮ ಕಡೆಯವರ ಬಾಯಲ್ಲಿ ಮೂರನೆಯದು ತಾನಾಗೇ ಬರುತ್ತದೆ: "ಗಂಡ ಏನ್ ಮಾಡ್ಕಂಡವ್ನೆ?" ಗಂಡ ಬಟ್ಟೆ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿಕೊಂಡು ನೆಮ್ಮದಿಯಾಗಿದ್ದಾನೆ. ಅವನ ಯೋಚನೆ ನಿಮಗೆ ಬೇಡ.

ನನ್ನ ಕೆಲಸ ಪದ್ಮಿನಿ, ಕಾಂಟೆಸ್ಸಾ ಥರದ ಹಳೇ ಕಾರುಗಳ ಮುಂಗಾಲು ಸರಿಮಾಡುವುದು. ಮುಂದಿನ ಚಕ್ರದ ಒಳಗಡೆ ತೋಳಿನಷ್ಟು ಉದ್ದದ ಒಂದು ಸುರುಳಿ ಸ್ಪ್ರಿಂಗ್ ಕಾರಿನ ಭಾರ ಹೊತ್ತು ಕೂತಿರುತ್ತದೆ. ಅದನ್ನು ತೆಗೆಯಬೇಕಾದರೂ ಸರಿ, ಕೂರಿಸಬೇಕಾದರೂ ಸರಿ, ಮೊದಲು ಅಮುಕಿ ಹಿಡಿಯಬೇಕು. ಅದಕ್ಕೆಂದೇ ಒಂದು ಸಾಮಾನಿದೆ. ತಿರುಪು ಕೊರೆದ ಎರಡು ಕಬ್ಬಿಣದ ರಾಡು, ಒಂದೊಂದಕ್ಕೂ ಮೇಲೊಂದು ಕೆಳಗೊಂದು ಕೊಕ್ಕೆ. ಸ್ಪ್ರಿಂಗಿನ ಆಚೆ ಒಂದು, ಈಚೆ ಒಂದು ಎದುರುಬದುರು ಹಾಕಿ, ಈ ಕಡೆ ವಸಿ, ಆ ಕಡೆ ವಸಿ ಬಿಗಿ ಮಾಡುತ್ತಾ ಹೋಗಬೇಕು. ಯಾವುದಕ್ಕೂ ಇರಲಿ ಅಂತ ಮೇಲೊಂದು ಚೈನು. ಅಮುಕಿದ ಸ್ಪ್ರಿಂಗ್ ಕೈತಪ್ಪಿದರೆ ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ಹಾರುತ್ತದೆ. ಎದುರಿಗಿರುವುದು ಗೋಡೆಯೋ ತಲೆಯೋ ಅಂತ ಕೇಳುವುದಿಲ್ಲ.

ಅದಕ್ಕೇ ನನ್ನ ಶೆಡ್ಡಿನಲ್ಲಿ ಸಾಮಾನಿಲ್ಲದೆ ಯಾರೂ ಸ್ಪ್ರಿಂಗ್ ಅಮುಕುವಂತಿಲ್ಲ, ಅಮುಕುವಾಗ ಯಾರೂ ಎದುರಿಗೆ ನಿಲ್ಲುವಂತಿಲ್ಲ. ಇಷ್ಟು ಹೇಳಿದ್ದಕ್ಕೆ ಮದ್ದೂರಿಂದ ಮಳವಳ್ಳಿವರೆಗೆ ನನಗೆ ಜಂಬದವಳು ಅಂತ ಹೆಸರು ಬಂದಿದೆ. ಬರಲಿ. ಹತ್ತು ಬೆರಳಿರುವ ಜಂಬ ನನಗೆ ಇದ್ದೇ ಇದೆ.

ಕಾಣದ ಮೆಕ್ಯಾನಿಕ್ಕು

ಶೆಡ್ಡು ಹಾಕಿದ ಹೊಸತು. ಬೆಸಗರಹಳ್ಳಿ ಕಡೆಯ ಯಜಮಾನರೊಬ್ಬರು ಅವರಪ್ಪನ ಕಾಲದ ಪದ್ಮಿನಿ ತಂದು ನಿಲ್ಲಿಸಿದರು. ಕಾರು ಎಡಗಾಲು ಉಳುಕಿದ ಎಮ್ಮೆಯ ಹಾಗೆ ಒಂದು ಕಡೆ ವಾಲಿತ್ತು.

"ಮೆಕಾನಿಕ್ಕು ಎಲ್ಲೋದನಮ್ಮ?"

"ನಾನೇ ಯಜಮಾನ್ರೆ."

"ನೀನು ಇರು ತಾಯಿ. ಕೆಲ್ಸ ಮಾಡೋನು ಎಲ್ಲಿ ಅಂದೆ."

"ಕೆಲ್ಸ ಮಾಡೋಳೂ ನಾನೇ."

ಯಜಮಾನರು ಬಲು ಸಮಾಧಾನದ ಮನುಷ್ಯ. "ಆಯ್ತು ಬುಡು, ಅವ್ನು ಬರಗಂಟ ಕಾಯ್ತೀನಿ" ಅಂದು ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಟವಲು ಹಾಸಿಕೊಂಡು ಮಲಗಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಕಾರು ಎತ್ತಿ, ಸ್ಟ್ಯಾಂಡು ಕೊಟ್ಟು, ಚೈನು ಹಾಕಿ, ಹಳೇ ಸ್ಪ್ರಿಂಗ್ ಅಮುಕಿ ತೆಗೆದು ಹೊಸದು ಕೂರಿಸಿ, ಚಕ್ರವನ್ನೂ ಬಿಗಿದೆ. ಯಜಮಾನರು ಎದ್ದು ಕಣ್ಣುಜ್ಜಿಕೊಂಡು, "ಬಂದಿದ್ನಾ?" ಅಂದರು. ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು ಅವರ ಮುಂದೆಯೇ ನಿಂತಿದ್ದೇನೆ!

"ಬಂದಿದ್ದ. ಮುಗಿಸ್ಬುಟ್ಟು ಹೋದ" ಅಂದೆ.

ಕಾರು ಒಂದು ಸುತ್ತು ಓಡಿಸಿ ಬಂದವರೇ, "ಅಬ್ಬಬ್ಬಾ, ಏನ್ ಕೈಗುಣವಮ್ಮ ಆ ಉಡ್ಗಂದು!" ಅಂತ ಹೊಗಳಿದ್ದೇ ಹೊಗಳಿದ್ದು. ಆಲೆಮನೆ ಶುರುವಾದಾಗ ಒಂದು ಬುಟ್ಟಿ ಅಚ್ಚುಬೆಲ್ಲ ಬಂತು, ಅವನಿಗೆ ತಲುಪಿಸಬೇಕು ಅಂತ ಹೇಳಿಕಳಿಸಿದ್ದರು. ಮರುವರ್ಷವೂ ಬಂತು. ಹೆಸರು ಅವನಿಗೆ ಹೋದ ಮೇಲೆ ಬೆಲ್ಲವಾದರೂ ನನಗಿರಲಿ ಅಂತ ನಾನೂ ಸುಮ್ಮನಿದ್ದೆ.

ಮೊನ್ನೆ ಮೊನ್ನೆ ಯಜಮಾನರು ಖುದ್ದಾಗಿ ಬಂದು ಗುಟ್ಟಾಗಿ ಕೇಳಿದರು. "ಆ ಉಡ್ಗನಿಗೆ ಮದ್ವೆ ಆಗೈತೇನಮ್ಮ? ನಮ್ ಕಡೆ ಒಂದು ಎಣ್ಣು ಅದೆ."

ಇನ್ನು ಮುಚ್ಚಿಡುವುದು ಸರಿಯಲ್ಲ ಅನಿಸಿತು. "ಆಗೈತೆ ಯಜಮಾನ್ರೆ. ಗಂಡ ಬಟ್ಟೆ ಫ್ಯಾಕ್ಟರಿಲವ್ನೆ" ಅಂದೆ.

ಯಜಮಾನರು ನನ್ನ ಮುಖ ನೋಡಿದರು. ಕೈ ನೋಡಿದರು. ಉಗುರಿನ ಸಂದಿಯ ಕರೀ ಗ್ರೀಸನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು:

"ಅಂಗಾರೆ ಇಷ್ಟು ವರ್ಸ ಬೆಲ್ಲ ಎಲ್ಲಾ ನೀನೇ ತಿಂದ್ಯಾ?"

ಒಂದು ಸಾಕು

ಮದ್ದೂರಿನಲ್ಲಿ ಡ್ರೈವಿಂಗ್ ಕಲಿಸುವವರೊಬ್ಬರಿದ್ದಾರೆ. ಅವರದೂ ಒಂದು ಹಳೇ ಪದ್ಮಿನಿ. ಸ್ಪ್ರಿಂಗ್ ಅಮುಕುವ ಸಾಮಾನು ಎರವಲು ಕೇಳಲು ಬಂದರು. ಕೊಡುವುದಿಲ್ಲ ಅಂದೆ.

"ಎರಡೂ ಬ್ಯಾಡ ಕಣಮ್ಮ, ಒಂದೇ ರಾಡು ಕೊಡು. ಇನ್ನೊಂದು ನಿನ್ ಕೆಲ್ಸಕ್ಕಿರಲಿ."

"ಒಂದ್ರಲ್ಲಿ ಆಗಲ್ಲ ಅಣ್ಣ. ಒಂದೇ ಕಡೆ ಬಿಗಿದ್ರೆ ಸ್ಪ್ರಿಂಗು ಬಾಳೆಹಣ್ಣಿನಂಗೆ ಬಗ್ಗಿ ಆಚೆಗೆ ಚಿಮ್ತದೆ. ಒಂದೆತ್ತಿನಲ್ಲಿ ಉಳೋಕಾಯ್ತದಾ?"

"ಯಾಕಾಗಲ್ಲ? ನಾನು ಉತ್ತಿದ್ದೀನಿ."

"ಉತ್ತಿದ್ದೀರಾ? ಸಾಲು ಹೆಂಗ್ ಬಂತು?"

ಅವರು ಗಲ್ಲ ಕೆರೆದುಕೊಂಡರು. "ದುಂಡಗೆ ಬಂತು."

ಬಂದ ದಾರಿಯಲ್ಲೇ

ಯಲಿಯೂರಿನಲ್ಲಿ ರೇಷ್ಮೆ ಸಾಕುವ ಒಬ್ಬರಿಗೆ ಎಲ್ಲದಕ್ಕೂ ಅವಸರ. ಸ್ಪ್ರಿಂಗ್ ಬದಲಾಯಿಸಲು ಕಾರು ತಂದವರು, "ಇವತ್ತೇ ಆಗ್ಬೇಕು" ಅಂದರು. ಆಗಲೇ ಎರಡು ಕಾರು ಬಿಚ್ಚಿ ಮಡಗಿದ್ದೆ. ನಾಳಿದ್ದು ಬನ್ನಿ ಅಂದೆ.

"ಅದೇನು ಮಹಾ ಕೆಲ್ಸ ಅಂತ ಇಷ್ಟು ಆಡ್ತೀಯಮ್ಮ? ಹಗ್ಗ ಹಾಕಿ ಬಿಗಿದ್ರೆ ಬತ್ತದೆ."

"ಹಗ್ಗ ಹಾಕಿ ಹಸ ಕಟ್ಟಿ. ಸ್ಪ್ರಿಂಗ್ ಕಟ್ಬೇಡಿ."

ಅವರಿಗೆ ಕೋಪ ಬಂತು. ಸೀದಾ ಮನೆಗೆ ಹೋಗಿ ಬಾಮೈದನನ್ನು ಕೂಡಿಸಿಕೊಂಡು ಅಂಗಳದಲ್ಲೇ ಕೆಲಸ ಶುರು ಮಾಡಿದ್ದಾರೆ. ಕೆಳಗೆ ಜಾಕಿ ಕೊಟ್ಟು, ಸ್ಪ್ರಿಂಗಿಗೆ ದನದ ಹಗ್ಗ ಸುತ್ತಿ, ಬೋಲ್ಟು ಬಿಚ್ಚಿ, ಜಾಕಿ ಇಳಿಸಿದ್ದಾರೆ. ಹಗ್ಗ ತಡೆದುಕೊಂಡಿದೆ. ನೋಡಿದೆಯಾ, ಆ ಹೆಂಗಸು ಸುಮ್ಮನೆ ಹೆದರಿಸುತ್ತಾಳೆ ಅಂತ ಭಾವ ಬಾಮೈದ ಇಬ್ಬರೂ ನಗಾಡಿಕೊಂಡು, ಬೀಡಿ ಹಚ್ಚೋಣ ಅಂತ ಪಕ್ಕಕ್ಕೆ ಬಂದಿದ್ದಾರೆ. ಆ ಬೀಡಿಯೇ ಅವರನ್ನು ಉಳಿಸಿದ್ದು. ಬೀಡಿಯಿಂದ ಆಯುಸ್ಸು ಹೆಚ್ಚಾಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಗ್ಗ ಪಟ್ಟಂತ ಕಿತ್ತುಹೋಗಿದೆ. ಸ್ಪ್ರಿಂಗು ಕಾರಿನಡಿಯಿಂದ ಚಿಮ್ಮಿ, ಕಾಂಪೌಂಡು ದಾಟಿ, ಪಕ್ಕದ ಮನೆಯ ಹೆಂಚು ಒಡೆದುಕೊಂಡು ಅಡುಗೆಮನೆಯೊಳಗೆ ಬಿದ್ದಿದೆ. ದೇವರು ದೊಡ್ಡವನು, ಒಳಗೆ ಯಾರೂ ಇರಲಿಲ್ಲ. ಒಂದು ಮಡಕೆ ಮಾತ್ರ ಚೂರಾಯಿತು.

ಕಷ್ಟ ಏನಪ್ಪ ಅಂದರೆ, ಚರಂಡಿ ವಿಷಯಕ್ಕೆ ಜಗಳವಾಗಿ ಎರಡು ಮನೆಗೂ ಎಷ್ಟೋ ವರ್ಷದಿಂದ ಮಾತಿಲ್ಲ. ಈಗ ಸ್ಪ್ರಿಂಗ್ ಬೇಕಲ್ಲ, ಇವರೇ ಹೋಗಿ ಬಾಗಿಲು ತಟ್ಟಿದ್ದಾರೆ. ಪಕ್ಕದ ಮನೆಯವರು ಸ್ಪ್ರಿಂಗನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಕೇಳಿದರಂತೆ: "ಇದು ನಿಮ್ದೇ ಅಂತ ಏನ್ಲಾ ಗುರ್ತು?"

ಮಾರನೇ ದಿನ ಆ ಪಕ್ಕದ ಮನೆಯವರು ಮೊಪೆಡ್ಡಿನ ಮೇಲೆ ನನ್ನ ಶೆಡ್ಡಿಗೆ ಬಂದರು. ಗೋಣಿಚೀಲದಿಂದ ಸ್ಪ್ರಿಂಗ್ ತೆಗೆದು ನನ್ನ ಮುಂದೆ ಮಡಗಿದರು.

"ಇದ್ನ ಚೆನ್ನಾಗಿ ಅಮುಕಿ ಕೊಡಮ್ಮ."

"ನಿಮ್ಮತ್ರ ಕಾರಿಲ್ವಲ್ಲ, ಯಾಕೆ?"

"ಅವರ ಸಾಮಾನು ನಮಗ್ಯಾಕೆ? ಎಂಗ್ ಬಂತೋ ಅಂಗೇ ವಾಪಸ್ ಕಳುಸ್ತೀನಿ."

ಉಗ್ರ ದೇವರು

ಆಯುಧಪೂಜೆಗೆ ಸಂಜೆ ಬನ್ನಿ ಅಂತ ಪುರೋಹಿತರಿಗೆ ಹೇಳಿದ್ದೆ. ಅವರು ಬೇರೆ ಪೂಜೆ ಬೇಗ ಮುಗಿಯಿತು ಅಂತ ಮಧ್ಯಾಹ್ನವೇ ಬಂದುಬಿಟ್ಟರು. ನಾನಾಗ ಒಂದು ಸ್ಪ್ರಿಂಗನ್ನು ಪೂರ್ತಿ ಅಮುಕಿ, ಕಂಬಕ್ಕೆ ಚೈನು ಬಿಗಿದು, ಇನ್ನೇನು ಕಾರಿಗೆ ಕೂರಿಸಬೇಕು ಅಂತಿದ್ದೆ. ಪುರೋಹಿತರಿಗೆ ಅದೇ ಕಣ್ಣಿಗೆ ಬಿತ್ತು. "ಬಹಳ ಲಕ್ಷಣವಾಗಿದೆ" ಅಂದವರು, ಅದರ ಎದುರಿಗೇ ಮಣೆ ಹಾಕಿಕೊಳ್ಳಲು ಬಗ್ಗಿದರು.

"ಸ್ವಾಮಿ, ಎದುರಿಗೆ ಬೇಡ. ಪಕ್ಕಕ್ಕೆ ಬನ್ನಿ."

"ಆರತಿಯನ್ನು ಎದುರಿಗೇ ನಿಂತು ಎತ್ತಬೇಕಮ್ಮ. ಪಕ್ಕದಿಂದ ಎತ್ತೋದು ಎಲ್ಲಾದರೂ ಉಂಟೇ?"

"ನಿಮ್ಮ ಗುಡೀಲಿ ನೀವು ಹೇಳ್ದಂಗೆ ನಾನು ಕೇಳ್ತೀನಿ. ಇಲ್ಲಿ ನಾನು ಹೇಳ್ದಂಗೆ ನೀವು ಕೇಳ್ಬೇಕು."

"ಅಂಥದ್ದೇನಮ್ಮ ಇದರಲ್ಲಿ?"

"ಕೈ ಜಾರಿದ್ರೆ ಇದು ತಗಡು ಸೀಳ್ಕೊಂಡು ಆಚೆ ಹೋಯ್ತದೆ ಸ್ವಾಮಿ."

ಪುರೋಹಿತರು ಮಣೆ ಎತ್ತಿಕೊಂಡರು. "ಉಗ್ರ ದೇವರು ಅಂತ ಮೊದಲೇ ಹೇಳಬಾರದೇ?" ಅಂದು ಸೀದಾ ಕಬ್ಬಿಣದ ಕಂಬದ ಹಿಂದಕ್ಕೆ ಹೋದರು. ಅಲ್ಲಿಂದಲೇ ಮಂತ್ರ, ಅಲ್ಲಿಂದಲೇ ಹೂವು ಎಸೆತ, ಕೊನೆಗೆ ಆರತಿ ತಟ್ಟೆ ಹಿಡಿದ ಒಂದು ಕೈ ಮಾತ್ರ ಆಚೆಗೆ ಬಂತು.

ಮುಗಿಸಿ ಹೊರಡುವಾಗ ಕೇಳಿದರು. "ಮುಂದಿನ ವರ್ಷ ದೇವರನ್ನ ಸ್ವಲ್ಪ ಸಡಿಲ ಮಾಡಿ ಇಟ್ಟಿರ್ತೀರಾ?"

ನಡೆದು ಬಂದ ಗಂಡು

ಮದುವೆಗೆ ಹಳೇ ಕಾರು ಸಿಂಗರಿಸಿ ಬಾಡಿಗೆಗೆ ಬಿಡುವವರೊಬ್ಬರು ಮಳವಳ್ಳಿಯಲ್ಲಿದ್ದಾರೆ. ಒಂದು ದಿನ ಬೆಳಿಗ್ಗೆ ಅವರ ಫೋನು. ಗಂಡಿನ ಮನೆ ಮುಂದೆಯೇ ಕಾರಿನ ಸ್ಪ್ರಿಂಗ್ ಮುರಿದಿದೆ, ಮುಹೂರ್ತ ಹತ್ತಿರವಿದೆ, ಓಡಿಬಾಮ್ಮ ಅಂತ. ಸಾಮಾನು ಕಟ್ಟಿಕೊಂಡು ಹೋದೆ. ಕಾರಿನ ಮೈತುಂಬ ಸೇವಂತಿಗೆ. ಸುತ್ತ ರೇಷ್ಮೆ ಪಂಚೆಗಳು. ಹೂವು ಬಾಡದ ಹಾಗೆ ಕೆಲಸ ಮಾಡು ಅಂತ ಒಬ್ಬರು, ಬೇಗ ಮಾಡು ಅಂತ ಹತ್ತು ಜನ.

ಗಂಡಿನ ಅಪ್ಪ ಒಂದು ಉಪಾಯ ತೆಗೆದರು. "ಅದೆಂತದೋ ಕೊಕ್ಕೆ ಹಾಕ್ಕಂಡು ಯಾಕೆ ತಡ ಮಾಡೀಯೆ? ನಾಕು ಜನ ದಪ್ಪಗಿರೋರು ಬಾನೆಟ್ ಮೇಲೆ ಕೂತ್ಕಂಡ್ರೆ ಸ್ಪ್ರಿಂಗ್ ತಾನೇ ಅಮುಕ್ಕಳ್ತದೆ. ತಂತಿ ಸುತ್ತಿ ತೆಗ್ದುಬುಡು."

"ಅವ್ರಲ್ಲಿ ಒಬ್ರು ಸೀನಿದ್ರೆ ನನ್ನ ಕೈ ಹೋಯ್ತದೆ. ನಾನು ಮಾಡಲ್ಲ" ಅಂದೆ.

ನಾನು ಮಾಡಲ್ಲ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಅಲ್ಲಿ ಬೇರೆಯೇ ಗಲಾಟೆ ಶುರುವಾಗಿತ್ತು. ಗಂಡಿನಪ್ಪ ನಾಲ್ವರು ನೆಂಟರನ್ನು ಕರೆದಿದ್ದರು. ಕರೆದವರಿಗೆ ನಮ್ಮನ್ನು ದಪ್ಪ ಅಂದರಲ್ಲ ಅಂತ ಸಿಟ್ಟು. ಕರೆಯದೇ ಬಿಟ್ಟ ಸೋದರಮಾವನಿಗೆ ಅದಕ್ಕಿಂತ ಸಿಟ್ಟು: "ಈ ಮನೇಲಿ ಯಾವ ಕೆಲ್ಸಕ್ಕೆ ನನ್ನ ಮುಂದೆ ಕರ್ದಿದ್ದೀರಿ?"

ನಾನು ಜಾಕಿ ಏರಿಸಿದೆ. "ಮುಹೂರ್ತ ಮೀರ್ತದೆ ಕಣಮ್ಮ!" ಅಂತ ಗಂಡಿನಪ್ಪ ಕೂಗಿದರು.

"ಇನ್ನೊಂದು ಮುಹೂರ್ತ ಸಿಗ್ತದೆ. ಇನ್ನೊಂದು ಕೈ ಸಿಗಲ್ಲ."

ಅಷ್ಟು ಜನರಲ್ಲಿ ನನ್ನ ಮಾತಿಗೆ ತಲೆಯಾಡಿಸಿದ್ದು ಗಂಡೊಬ್ಬನೇ. ಬಾಸಿಂಗ ಕಟ್ಟಿಕೊಂಡೇ ಬಗ್ಗಿ ನೋಡಿ, "ಅಕ್ಕ ಏಳೋದು ಸರಿಯಾಗೈತೆ, ನಿಧಾನಕ್ಕೆ ಮಾಡ್ಲಿ. ಛತ್ರ ಅಲ್ಲೇ ಕಾಣ್ತಾ ಅದೆ, ನಾನು ನಡ್ಕಂಡೋಯ್ತೀನಿ" ಅಂದ. ಅಂದವನೇ ಪಂಚೆ ಎತ್ತಿ ಹಿಡಿದು ನಡೆದೇಬಿಟ್ಟ. ಓಲಗದವರು ಅವನ ಹಿಂದೆ ಓಡಿದರು. ಸೋದರಮಾವ ಮಾತ್ರ ಬಾನೆಟ್ಟಿನ ಪಕ್ಕದಲ್ಲಿ ಕರೆ ಬರುತ್ತದೇನೋ ಅಂತ ಇನ್ನೊಂದಿಷ್ಟು ಹೊತ್ತು ಕಾದರು.

ನಾನು ಕೆಲಸ ಮುಗಿಸಿ, ಹೂವಿನ ಕಾರು ಓಡಿಸಿಕೊಂಡು ಛತ್ರಕ್ಕೆ ಹೊರಟೆ. ದಾರಿಯಲ್ಲೇ ಗಂಡಿನಪ್ಪನ ಫೋನು ಬಂತು. ಬೈಗುಳಕ್ಕೆ ತಯಾರಾಗಿಯೇ ಎತ್ತಿದೆ. ಅವರು ಪಿಸುಗುಟ್ಟುತ್ತಿದ್ದರು:

"ಕಾರು ಇತ್ತ ತರಬ್ಯಾಡ ತಾಯಿ. ಗಂಡು ನಡ್ಕಂಡು ಬಂದ, ಎಷ್ಟು ಸರಳ ಜನ ಅಂತ ಎಣ್ಣಿನ ಕಡೆಯೋರು ಕಣ್ಣೀರು ಆಕ್ತಾವ್ರೆ. ಎಲ್ಲಾದ್ರೂ ಮರೇಲಿ ನಿಲ್ಸ್ಬುಡು!"

ನಾಯಕರ ಪರಿಶೀಲನೆ

ಇದು ಈಚೆಗೆ ನಡೆದದ್ದು. ನಮ್ಮ ಕಡೆ ಒಬ್ಬ ನಾಯಕರಿದ್ದಾರೆ. ಇನ್ನೂ ಯಾವ ಎಲೆಕ್ಷನ್ನೂ ಗೆದ್ದಿಲ್ಲ, ಗೆಲ್ಲುವ ಮುಂಚೆಯೇ ನಾಯಕರಾಗಿದ್ದಾರೆ. ಮೆರವಣಿಗೆಗೆ ಬೇಕು ಅಂತ ಒಂದು ಬಿಳೀ ಕಾಂಟೆಸ್ಸಾ ಕೊಂಡು, ಮುಂಗಾಲು ರಿಪೇರಿಗೆ ನನ್ನ ಹತ್ತಿರ ಬಿಟ್ಟಿದ್ದರು.

ಒಂದು ಮಧ್ಯಾಹ್ನ ನಾನು ಹೊಸ ಸ್ಪ್ರಿಂಗನ್ನು ನೆಲದ ಮೇಲೆ ಮಡಗಿ, ಕಂಬಕ್ಕೆ ಚೈನು ಬಿಗಿದು, ಅರ್ಧ ಅಮುಕಿದ್ದೆ. ನಾಯಕರು ಹಿಂಬಾಲಕರ ಸಮೇತ ಬಂದರು. ಬಿಳೀ ಅಂಗಿ, ಬಿಳೀ ಪಂಚೆ, ಬಿಳೀ ಚಪ್ಪಲಿ. ಬಂದವರೇ ಸ್ಪ್ರಿಂಗಿನ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಹಿಂಬಾಲಕನೊಬ್ಬ ಮೊಬೈಲು ಎತ್ತಿದ.

"ಸಾರ್, ಅಲ್ಲಿ ನಿಲ್ಬೇಡಿ. ಈ ಕಡೆ ಬನ್ನಿ."

"ಫೋಟೋ ಇಲ್ಲಿಂದಲೇ ಚೆನ್ನಾಗಿ ಬರೋದು. ನೀನು ಕೆಲಸ ಮಾಡಮ್ಮ."

"ನೀವಲ್ಲಿ ನಿಂತಿರೋಗಂಟ ನಾನು ಮಾಡಲ್ಲ."

ನಾಯಕರ ಹುಬ್ಬು ಮೇಲಕ್ಕೆ ಹೋಯಿತು. "ನಾನ್ಯಾರು ಅಂತ ಗೊತ್ತೇನಮ್ಮ ನಿನಗೆ?"

ನಾನು ತಿರುಪು ಬಿಗಿಯುವ ಪಾನಾ ತೊಡೆಯ ಮೇಲೆ ಇಟ್ಟುಕೊಂಡು ಸ್ಪ್ರಿಂಗಿನ ಪಕ್ಕದಲ್ಲೇ ಕೂತುಬಿಟ್ಟೆ. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಶೆಡ್ಡಿರುವ ಜಾಗ ಬಾಡಿಗೆಯದು. ಇಂಥವರು ಒಂದು ಮಾತು ಹೇಳಿದರೆ ನಾಳೆ ಖಾಲಿ ಮಾಡಿಸಿಬಿಡಬಹುದು. ಆದರೂ ಏಳಲಿಲ್ಲ. ಅವರೂ ಕದಲಲಿಲ್ಲ.

ಅಷ್ಟು ಹೊತ್ತಿಗೆ ನಮ್ಮತ್ತೆ ಊಟದ ಕ್ಯಾರಿಯರು ಹಿಡಿದುಕೊಂಡು ಬಂದರು. ಅತ್ತೆಗೆ ನನ್ನ ಕೆಲಸ ಕಂಡರೆ ಆಗದು. ಮದುವೆಯಾದಾಗಿಂದ "ಈ ಕಬ್ಬುಣದ ಸಾವಾಸ ಬುಡು" ಅಂತಲೇ ಹೇಳಿಕೊಂಡು ಬಂದವರು. ಇವತ್ತು ಇವರೂ ಅವರ ಕಡೆಗೇ ಸೇರಿಕೊಳ್ಳುತ್ತಾರೆ ಅಂದುಕೊಂಡೆ. ಅತ್ತೆ ನಿಂತವರನ್ನು ನೋಡಿದರು, ಕೂತ ನನ್ನನ್ನು ನೋಡಿದರು, ಕ್ಯಾರಿಯರು ಕೆಳಗಿಟ್ಟರು.

"ಏನಪ್ಪ ಗಲಾಟೆ?"

"ನಾನ್ಯಾರು ಅಂತ ನಿಮ್ಮ ಸೊಸೆಗೆ ಗೊತ್ತಿಲ್ಲವಂತೆ ಕಣಮ್ಮ" ಅಂದರು ನಾಯಕರು.

"ಅವಳಿಗೆ ಗೊತ್ತಿರ್ತದೆ ಕಣಪ್ಪ," ಅಂದರು ಅತ್ತೆ. "ಸ್ಪ್ರಿಂಗಿಗೆ ಗೊತ್ತಾ?"

ನಾಯಕರು ಮರ್ಯಾದೆ ಉಳಿಸಿಕೊಂಡು ಪಕ್ಕಕ್ಕೆ ಸರಿಯಲು ಒಂದು ನೆಪ ಹುಡುಕುತ್ತಿದ್ದರು ಅಂತ ಈಗ ಅನಿಸುತ್ತದೆ. ಅದಕ್ಕೂ ಬಿಡಲಿಲ್ಲ ಅವರ ಇನ್ನೊಬ್ಬ ಹಿಂಬಾಲಕ. "ಅವಳೇನ್ ಮಾಡೋದು ಬುಡಣ್ಣ, ನಾನೇ ಮುಗಿಸ್ತೀನಿ" ಅಂತ ಬಿದ್ದಿದ್ದ ಇನ್ನೊಂದು ಪಾನಾ ಎತ್ತಿಕೊಂಡು, ಆ ಕಡೆಯ ರಾಡೊಂದನ್ನೇ ಗರಗರ ಬಿಗಿಯತೊಡಗಿದ. ಸ್ಪ್ರಿಂಗಿನ ಹೊಟ್ಟೆ ಒಂದು ಕಡೆಗೆ ಉಬ್ಬಿತು.

"ಬುಡ್ಲಾ!" ಅಂತ ಕಿರುಚಿ ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಅದೇ ಗಳಿಗೆಗೆ ಕೊಕ್ಕೆ ಜಾರಿತು.

ಢಮಾರ್!

ಸ್ಪ್ರಿಂಗು ನಾಯಕರು ನಿಂತಿದ್ದ ಕಡೆಗೇ ನೆಗೆಯಿತು. ಮೊಳದುದ್ದ ಹಾರುವಷ್ಟರಲ್ಲಿ ಚೈನು ಜಗ್ಗಿ ಹಿಡಿದು ನೆಲಕ್ಕೆ ಬಡಿಯಿತು. ತಗಡಿನ ಮಾಡೆಲ್ಲ ಗಡಗಡ ಅಂದಿತು. ಧೂಳು ಇಳಿದ ಮೇಲೆ ನೋಡುತ್ತೇನೆ, ಅತ್ತೆ ಕ್ಯಾರಿಯರು ತಬ್ಬಿಕೊಂಡು ಕಂಬದ ಹಿಂದೆ ಇದ್ದಾರೆ. ಹಿಂಬಾಲಕರೆಲ್ಲ ಕವುಚಿ ಬಿದ್ದಿದ್ದಾರೆ. ನಾಯಕರೇ ಇಲ್ಲ!

"ಅಣ್ಣಾ! ಅಣ್ಣಾ!" ಅಂತ ಹಿಂಬಾಲಕರು ಹುಯಿಲಿಟ್ಟರು. ಕಾರಿನಡಿ ಇಳಿದು ಕೆಲಸ ಮಾಡಲು ಶೆಡ್ಡಿನ ಮಧ್ಯೆ ಎದೆಯುದ್ದದ ಒಂದು ಗುಂಡಿ ತೋಡಿಸಿದ್ದೇನೆ. ಅದರೊಳಗಿಂದ ಸಣ್ಣ ದನಿ ಬಂತು: "ಇಲ್ಲಿದೀನಿ ಕಣ್ರೋ."

ಸದ್ದಿಗೆ ಬೆದರಿ ಹಿಂದಕ್ಕೆ ಹಾರಿದವರು ಗುಂಡಿಗೇ ಇಳಿದಿದ್ದರು. ತಳದಲ್ಲಿದ್ದ ಹಳೇ ಎಂಜಿನ್ ಆಯಿಲು ಅವರನ್ನು ಮೆತ್ತಗೆ ಬರಮಾಡಿಕೊಂಡಿತ್ತು. ಒಂದು ಗೀರೂ ಆಗಿರಲಿಲ್ಲ. ಬಿಳಿ ಅನ್ನುವುದು ಮಾತ್ರ ಮೈಮೇಲೆ ಎಲ್ಲೂ ಉಳಿದಿರಲಿಲ್ಲ. ಮೊಬೈಲು ಹಿಡಿದಿದ್ದವನು ಗಾಬರಿಯಲ್ಲೂ ಬೆರಳು ತೆಗೆದಿರಲಿಲ್ಲ. ನಾಯಕರು ಗುಂಡಿಯ ಅಂಚಿಗೆ ಕೈಯೂರಿ ತಲೆ ಎತ್ತುತ್ತಿರುವ ಫೋಟೋ ಅದ್ಭುತವಾಗಿ ಬಂದಿತ್ತು. ಅವರು ಯಾರ ಮುಖವನ್ನೂ ನೋಡದೆ ಹೋಗಿ ಜೀಪು ಹತ್ತಿದರು. ನನ್ನ ಶೆಡ್ಡಿನ ಕತೆ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಅತ್ತೆ ಮುದ್ದೆ ಬಡಿಸುತ್ತಾ, "ಓದ್ರೆ ಓಗ್ಲಿ ಬುಡು, ಬ್ಯಾರೆ ಕಡೆ ಶೆಡ್ ಆಕು" ಅಂದರು.

ಆದರೆ ಬೆಳಗಾಗುವುದರೊಳಗೆ ಆ ಫೋಟೋ ಹಿಂಬಾಲಕರ ಗುಂಪಿನಿಂದ ಹೊರಟು ತಾಲ್ಲೂಕಿನ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಮರ್ಯಾದೆ ಉಳಿಸಬೇಕಲ್ಲ, ಯಾರೋ ಬುದ್ಧಿವಂತ ಕೆಳಗೆ ಬರೆದಿದ್ದ: "ರಸ್ತೆ ಗುಂಡಿಗೆ ಸ್ವತಃ ಇಳಿದು ಆಳ ಪರಿಶೀಲಿಸಿದ ಜನನಾಯಕರು."

ಕಾಂಟೆಸ್ಸಾ ತೆಗೆದುಕೊಂಡು ಹೋಗಲು ನಾಯಕರೇ ಬಂದರು. ಸ್ಪ್ರಿಂಗುಗಳೆಲ್ಲ ಎಲ್ಲಿವೆ ಅಂತ ಬಾಗಿಲಲ್ಲೇ ಕೇಳಿ ತಿಳಿದುಕೊಂಡು ಒಳಗೆ ಕಾಲಿಟ್ಟರು. ಮುಖ ಸೋತಿತ್ತು.

"ಶೆಡ್ಡಿನ ವಿಷ್ಯ ಏನ್ ಮಾಡ್ತೀರಿ ಸಾರ್?" ಅಂತ ನಾನೇ ಕೇಳಿದೆ.

"ನಿನ್ನ ಶೆಡ್ಡಿಗೆ ಏನೂ ಆಗಲ್ಲ, ಸುಮ್ನಿರಮ್ಮ. ನನ್ನ ಕಷ್ಟ ಕೇಳು" ಅಂದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಆ ಕಡೆಯ ದನಿ ಶೆಡ್ಡಿಗೆಲ್ಲ ಕೇಳಿಸಿತು:

"ಅಣ್ಣ, ನಮ್ ಬೀದೀಲೂ ಒಂದು ಗುಂಡಿ ಅದೆ. ಯಾವಾಗ ಬಂದು ಇಳೀತೀರಿ?"